ಬೀಗದ ಕೈ ಕಳೆದುಹೋಯಿತಾ? ಬಾಗಿಲಿಗೆ ಹಾರೆ ಹಾಕುವ ಮುಂಚೆ ಓದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನಿಗೆ ಮಳೆಗಾಲ ಕೂತಿತು ಅಂತ ತಿಳಿಯುವುದು ಎರಡು ವ್ಯಾಪಾರದಿಂದ. ಒಂದು ಟಾರ್ಪಾಲು, ಇನ್ನೊಂದು ಡೋರ್ ಲಾಕು. ಕೊಡೆ, ರೇನ್‌ಕೋಟು, ತರಕಾರಿ ಚೀಲ ಎಲ್ಲ ಒಟ್ಟಿಗೆ ಹಿಡಿದುಕೊಂಡು ಓಡಾಡುವ ಕಾಲದಲ್ಲೇ ಬೀಗದ ಕೈ ಕೈಕೊಡುವುದು. ಕೌಂಟರ್ ಮುಂದೆ ನಿಂತು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನನ್ನ ವಾದ ಒಂದೇ: ಬೀಗ ಹೋದರೆ ಇನ್ನೊಂದು ತರಬಹುದು, ನಿಮ್ಮ ಬಾಗಿಲಿನಂಥ ಬಾಗಿಲು ಈಗ ದುಡ್ಡು ಕೊಟ್ಟರೂ ಸಿಗುವುದು ಕಷ್ಟ.

ಕೀ ಕಳೆದರೆ ಬೀಗ ಬದಲಿಸಲೇಬೇಕಾ? ಡೂಪ್ಲಿಕೇಟ್ ಮಾಡಿಸಿದರೆ ಸಾಲದಾ?

ಎಲ್ಲಿ ಕಳೆಯಿತು ಎನ್ನುವುದನ್ನು ಮೊದಲು ಹೇಳಿ. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋಗಿ, ರಾಮತೀರ್ಥದಲ್ಲಿ ಮುಳುಗಿ ಏಳುವಾಗ ಸೊಂಟದ ಕೀ ತುಂಗೆಯ ಪಾಲಾಯಿತು ಅಂದರೆ ಬೀಗ ಬದಲಿಸುವ ಅಗತ್ಯವೇ ಇಲ್ಲ. ಆ ಕೀ ಮೀನಿಗೆ ಸಿಕ್ಕರೂ ನಿಮ್ಮ ಮನೆ ಎಲ್ಲಿದೆ ಅಂತ ಮೀನಿಗೆ ಗೊತ್ತಿಲ್ಲ. ಮನೆಯಲ್ಲಿರುವ ಇನ್ನೊಂದು ಕೀಯಿಂದ ನಕಲು ಮಾಡಿಸಿಕೊಂಡು ಸುಮ್ಮನಿರಿ.

ಪರ್ಸಿನ ಜೊತೆ, ಬ್ಯಾಗಿನ ಜೊತೆ ಹೋಗಿದ್ದರೆ ಲೆಕ್ಕ ಬೇರೆ. ಒಳಗೆ ಆಧಾರ್ ಕಾರ್ಡ್ ಇತ್ತು, ಅದರಲ್ಲಿ ವಿಳಾಸ ಇತ್ತು, ಪಕ್ಕದಲ್ಲೇ ಕೀ ಇತ್ತು ಅಂದರೆ ನೀವು ಕಳೆದುಕೊಂಡದ್ದು ಕೀಯನ್ನಲ್ಲ, ಮನೆಯನ್ನೇ. ಅವತ್ತೇ ಬದಲಿಸಿ. ಮನೆಯ ಆಸುಪಾಸಿನಲ್ಲೇ ಬಿದ್ದಿರಬಹುದು, ಯಾರೋ ಎತ್ತಿಕೊಂಡಿರಬಹುದು ಎನ್ನುವ ಅನುಮಾನ ಇದ್ದರೂ ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ಬರೀ ಕೀ ಒಂದೇ ಬಿದ್ದಿದ್ದರೆ ಹೆದರಿಕೆ ಕಡಿಮೆ. ಆದರೂ ರಾತ್ರಿ ನಿದ್ದೆ ಬರುವುದಿಲ್ಲ ಅನ್ನುವವರಿಗೆ ನಾನು ಬೀಗ ಮಾರುತ್ತೇನೆ. ನಿದ್ದೆಗೂ ಬೆಲೆ ಇದೆಯಲ್ಲ.

ಒಂದು ಮಾತು: ಮನೆಯಲ್ಲಿ ಬೇರೆ ಕೀ ಒಂದೂ ಇಲ್ಲ ಅಂದರೆ ಡೂಪ್ಲಿಕೇಟ್ ಕೆಲಸ ಅಗ್ಗವಲ್ಲ. ಬೀಗದಿಂದಲೇ ಕೀ ಹುಟ್ಟಿಸಬೇಕಾಗುತ್ತದೆ. ಅದಕ್ಕೆ ಕೇಳುವ ಕೂಲಿಗೆ ಇನ್ನಷ್ಟು ಸೇರಿಸಿದರೆ ಹೊಸ ಸಿಲಿಂಡರೇ (ಬೀಗದಲ್ಲಿ ಕೀ ಹೋಗುವ ತುಂಡು) ಬರುತ್ತದೆ.

ಈಗ ಮನೆ ಹೊರಗೇ ನಿಂತಿದ್ದೇನೆ. ಮೊದಲು ಏನು ಮಾಡಲಿ?

ಮನೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ತಮಾಷೆಯಲ್ಲ. ಹೊಸನಗರ ಕಡೆಯ ನಮ್ಮ ಸಂಬಂಧಿಕರೊಬ್ಬರು ಜುಲೈ ತಿಂಗಳ ಒಂದು ರಾತ್ರಿ, ಜಡಿಮಳೆಯಲ್ಲಿ, ಮದುವೆ ಮನೆಯಿಂದ ಬಂದು ನೋಡಿದರೆ ಕೀ ಇಲ್ಲ. ಸಿಟ್ಟಿನಲ್ಲಿ ಕೊಟ್ಟಿಗೆಯಿಂದ ಹಾರೆ ತಂದು ಬಾಗಿಲ ಸಂದಿಗೆ ಕೊಟ್ಟು ಮೀಟಿದರು. ಹಲಸಿನ ಹಲಗೆಯ ಕದ, ಅವರ ಅಜ್ಜ ಮಾಡಿಸಿದ್ದು, ಮೇಲಿಂದ ಕೆಳಗೆ ಸೀಳಿತು. ಬೀಗ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಅವರ ಮಗಳು ಹಿಂದಿನಿಂದ ಬಂದು ಒಳಗಿನ ದೀಪ ಹಾಕಿದಳು. ಹಿತ್ತಲ ಬಾಗಿಲ ಚಿಲಕ ಹಾಕುವುದನ್ನೇ ಬೆಳಿಗ್ಗೆ ಮರೆತಿದ್ದರು.

ಹಿತ್ತಲು, ಬಚ್ಚಲು, ಅಡಿಗೆಮನೆ, ಮಹಡಿ ಮೆಟ್ಟಿಲ ಬಾಗಿಲು, ಎಲ್ಲವನ್ನೂ ತಳ್ಳಿ ನೋಡಿ. ಆಮೇಲೆ ಫೋನ್ ಮಾಡಿ: ಹೆಂಡತಿಯ ಬಳಿ, ಮಗನ ಬಳಿ, ಬಾಡಿಗೆ ಮನೆಯಾದರೆ ಮಾಲೀಕರ ಬಳಿ ಇನ್ನೊಂದು ಕೀ ಇದೆಯಾ ಅಂತ. ಆಮೇಲೆ ಜೇಬು. ಪ್ಯಾಂಟಿನದಲ್ಲ, ರೇನ್‌ಕೋಟಿನ ಒಳಜೇಬು. ಸ್ಕೂಟರಿನ ಡಿಕ್ಕಿ. ಇಷ್ಟೂ ಆಗಿ ಸಿಗಲಿಲ್ಲ ಅಂದರೆ ಮಾತ್ರ ಬೀಗದ ಕಡೆ ನೋಡಿ.

ಹೆಂಚು ತೆಗೆದು ಇಳಿಯಬಹುದಲ್ಲ?

ಮಲೆನಾಡಿನವರೇ ಕೇಳುವ ಪ್ರಶ್ನೆ. ಹುಡುಗರಾಗಿದ್ದಾಗ ನಾವೂ ಇಳಿದಿದ್ದೇವೆ. ಈಗ ಬೇಡ. ಮಳೆಗಾಲದಲ್ಲಿ ಮಂಗಳೂರು ಹೆಂಚಿನ ಮೇಲೆ ಪಾಚಿ ಕಟ್ಟಿರುತ್ತದೆ, ಕೆಳಗಿನ ರೀಪು ಎಷ್ಟು ಕುಂಬಾಗಿದೆ ಅಂತ ಮೇಲೆ ನಿಂತವನಿಗೆ ಕಾಣುವುದಿಲ್ಲ. ಬೀಗದ ಖರ್ಚಿಗೆ ಹೋಲಿಸಿದರೆ ಸೊಂಟದ ಖರ್ಚು ದೊಡ್ಡದು.

ನಮ್ಮ ಮನೆಯದು ಯಾವ ಥರದ ಬೀಗ ಅಂತ ಹೇಗೆ ತಿಳಿಯುವುದು?

ಬಾಗಿಲಿನ ಮುಂದೆ ನಿಂತು ನೋಡುವುದಲ್ಲ, ಬಾಗಿಲು ತೆರೆದಿದ್ದಾಗ ಅದರ ದಪ್ಪದ ಅಂಚನ್ನು ನೋಡಬೇಕು. (ಬಾಗಿಲು ಹಾಕಿಕೊಂಡಿದ್ದರೆ ಹಳೇ ಫೋಟೋ ಹುಡುಕಿ. ಗೃಹಪ್ರವೇಶದ ಆಲ್ಬಮ್ಮಿನಲ್ಲಿ ಬಾಗಿಲ ಪೂಜೆಯ ಫೋಟೋ ಇದ್ದೇ ಇರುತ್ತದೆ.)

ಅಂಚಿನಲ್ಲಿ ಉದ್ದನೆಯ ಸ್ಟೀಲ್ ಅಥವಾ ಹಿತ್ತಾಳೆ ಪಟ್ಟಿ ಇದ್ದು, ಅದರೊಳಗಿಂದ ನಾಲಿಗೆ ಹೊರಬರುತ್ತದೆ, ಬಾಗಿಲ ಎರಡೂ ಬದಿ ಹ್ಯಾಂಡಲ್ ಇದೆ ಅಂದರೆ ಅದು ಮಾರ್ಟೈಸ್ ಲಾಕ್. ಲಾಕಿನ ದೇಹ ಮರದೊಳಗೆ ಹೂತಿರುತ್ತದೆ. ಈಗಿನ ಹೊಸ ಮನೆಗಳ ಮುಂಬಾಗಿಲಲ್ಲಿ ಹೆಚ್ಚಾಗಿ ಇದೇ.

ಅಂಚಿನಲ್ಲಿ ಪಟ್ಟಿ ಇಲ್ಲ, ಬಾಗಿಲ ಒಳಮುಖದ ಮೇಲೆ ಒಂದು ಪೆಟ್ಟಿಗೆ ಕೂತಿದೆ, ಹೊರಗಡೆ ದುಂಡನೆಯ ಕೀ ಬಾಯಿ ಮಾತ್ರ ಕಾಣುತ್ತದೆ ಅಂದರೆ ರಿಮ್ ಲಾಕ್. ನೈಟ್ ಲ್ಯಾಚ್ ಅಂತಲೂ ಕೇಳುತ್ತಾರೆ. ಇದರಲ್ಲಿ ಸ್ಪ್ರಿಂಗಿನ ನಾಲಿಗೆ ಇರುವ ಜಾತಿ ಗಾಳಿಗೆ ಬಾಗಿಲು ಬಡಿದರೆ ತಾನೇ ಹಾಕಿಕೊಳ್ಳುತ್ತದೆ. ಹೂ ಕೊಯ್ಯಲು ಅಂಗಳಕ್ಕೆ ಇಳಿದವರು ಹೊರಗೇ ಉಳಿಯುವುದು ಇದರ ದೆಸೆಯಿಂದ. ನಾಲಿಗೆಯನ್ನು ಒಳಗೇ ಎಳೆದು ನಿಲ್ಲಿಸುವ ಸಣ್ಣ ಗುಂಡಿ ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಗಾಳಿ ದಿನಗಳಲ್ಲಿ ಅದನ್ನು ಬಳಸಿ.

ಬಾಗಿಲಲ್ಲಿ ದುಂಡನೆಯ ತಿರುಪು ಹಿಡಿ ಇದ್ದು, ಕೀ ಬಾಯಿ ಹಿಡಿಯ ನಡುವೆಯೇ ಇದ್ದರೆ ಅದು ಸಿಲಿಂಡ್ರಿಕಲ್ ಲಾಕ್, ಮಲಗುವ ಕೋಣೆಗಳಲ್ಲಿ, ಬಚ್ಚಲಲ್ಲಿ ಕಾಣುವಂಥದ್ದು. ಇನ್ನು ಕೊಂಡಿಗೆ ತೂಗುಹಾಕುವ ಬೀಗ ನಿಮಗೆ ಗೊತ್ತೇ ಇದೆ.

ಇಡೀ ಲಾಕ್ ಬದಲಿಸಬೇಕಾ?

ಬಹಳಷ್ಟು ಸಲ ಬೇಡ. ಅಂಗಡಿಯವನಾಗಿ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ.

ಕೀ ಹೋಗುವ ತುಂಡಿಗೆ ಸಿಲಿಂಡರ್ ಅನ್ನುತ್ತಾರೆ. ಅದರೊಳಗೆ ಸಾಮಾನ್ಯವಾಗಿ ಐದು ಅಥವಾ ಆರು ಜೊತೆ ಹಿತ್ತಾಳೆ ಪಿನ್ನುಗಳು ಸ್ಪ್ರಿಂಗಿನ ಒತ್ತಡದಲ್ಲಿ ಕೂತಿರುತ್ತವೆ. ಕೀಯ ಹಲ್ಲುಗಳು ಒಂದೊಂದು ಪಿನ್ನನ್ನು ಒಂದೊಂದು ಎತ್ತರಕ್ಕೆ ಎತ್ತುತ್ತವೆ. ಎಲ್ಲ ಜೊತೆಗಳ ಬಿರುಕೂ ಒಂದೇ ಗೆರೆಗೆ ಬಂದ ಕ್ಷಣ ಒಳಗಿನ ದಿಂಡು ತಿರುಗುತ್ತದೆ. ಒಂದು ಪಿನ್ ತಪ್ಪಿದರೂ ತಿರುಗುವುದಿಲ್ಲ. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಈ ಯುಕ್ತಿಯೇ ಇವತ್ತಿಗೂ ನಮ್ಮ ಬಾಗಿಲುಗಳಲ್ಲಿ ಕೂತಿದೆ. ಅಂದರೆ ನಿಮ್ಮ ಕೀಯ ಗುಟ್ಟು ಇರುವುದು ಸಿಲಿಂಡರಿನಲ್ಲಿ ಮಾತ್ರ. ನಾಲಿಗೆ, ಹ್ಯಾಂಡಲ್, ಮರದೊಳಗಿನ ದೇಹ, ಇವಕ್ಕೆ ಯಾವ ಕೀ ಬಂತು ಅನ್ನುವ ಪರಿವೆಯೇ ಇಲ್ಲ. ಸಿಲಿಂಡರ್ ಬದಲಿಸಿದರೆ ಹಳೇ ಕೀ ತಗಡಿನ ತುಂಡು. ಸಿಲಿಂಡರ್ ನೂರುಗಳ ಲೆಕ್ಕದಲ್ಲಿ ಶುರುವಾಗುತ್ತದೆ, ಹ್ಯಾಂಡಲ್ ಸಮೇತ ಒಳ್ಳೆಯ ಸೆಟ್ ಸಾವಿರಗಳಲ್ಲಿ. ಅದಕ್ಕಿಂತ ಮುಖ್ಯ, ಮರಕ್ಕೆ ಉಳಿ ತಾಗುವುದಿಲ್ಲ.

ಆದರೆ ಲೀವರ್ ಬೀಗದ ಕತೆ ಬೇರೆ. ಉದ್ದ ಕಡ್ಡಿಯ ತುದಿಯಲ್ಲಿ ಬಾವುಟದಂತೆ ಹಲ್ಲು ಇರುವ ಕೀ ನಿಮ್ಮದಾದರೆ ಅಥವಾ ಬೀಗದ ಮೇಲೆ ‘6 ಲೀವರ್’, ‘7 ಲೀವರ್’ ಅಂತ ಕೊರೆದಿದ್ದರೆ ಸಿಲಿಂಡರ್ ಬದಲಿಸುವ ಮಾತು ಬರುವುದಿಲ್ಲ, ಬೀಗವನ್ನೇ ಬದಲಿಸಬೇಕು. ಲಾಕಿನ ದೇಹ ತುಕ್ಕು ಹಿಡಿದು ನಾಲಿಗೆ ಅರ್ಧಕ್ಕೆ ನಿಲ್ಲುತ್ತಿದ್ದರೂ ಪೂರ್ತಿ ಸೆಟ್ ತೆಗೆದುಕೊಳ್ಳಿ.

ಸಿಲಿಂಡರ್ ಬದಲಿಸುವುದು ಹೇಗೆ? ನಾನೇ ಮಾಡಬಹುದಾ?

ಬಾಗಿಲು ತೆರೆದಿದ್ದು, ಒಂದು ಕೀ ಕೈಯಲ್ಲಿದ್ದರೆ ಹತ್ತು ನಿಮಿಷದ ಕೆಲಸ. ಬಾಗಿಲ ಅಂಚಿನ ಪಟ್ಟಿಯಲ್ಲಿ, ಕೀ ಬಾಯಿಯ ಸಮಕ್ಕೆ, ಒಂದೇ ಒಂದು ಉದ್ದನೆಯ ತಿರುಪು ಇರುತ್ತದೆ. ಸಿಲಿಂಡರನ್ನು ಹಿಡಿದಿಟ್ಟಿರುವುದು ಅದೊಂದೇ. ಅದನ್ನು ಬಿಚ್ಚಿ, ಕೀ ಹಾಕಿ ಸ್ವಲ್ಪವೇ ತಿರುಗಿಸಿ, ನಿಧಾನ ಎಳೆಯಿರಿ. ಯಾಕೆ ತಿರುಗಿಸಬೇಕು ಅಂದರೆ, ಸಿಲಿಂಡರಿನ ನಡುವೆ ಒಂದು ಪುಟ್ಟ ಕೊಕ್ಕೆ ಇದೆ. ಕೀ ತೆಗೆದ ಸ್ಥಿತಿಯಲ್ಲಿ ಅದು ಪಕ್ಕಕ್ಕೆ ಚಾಚಿಕೊಂಡು ಲಾಕಿನೊಳಗೆ ತಡೆಯುತ್ತದೆ. ಕೀ ತಿರುಗಿಸಿದಾಗ ಅದು ಸಿಲಿಂಡರಿನ ಮೈಗೆ ಸಮವಾಗುವ ಒಂದು ಜಾಗ ಸಿಗುತ್ತದೆ, ಕೈಗೆ ಗೊತ್ತಾಗುತ್ತದೆ. ಆಗ ಬರುತ್ತದೆ.

ಒಳಬದಿಯಲ್ಲಿ ಕೀ ಬಾಯಿಯ ಬದಲು ತಿರುಗಿಸುವ ಗುಂಡಿ ಇದ್ದರೆ ನಿಮ್ಮ ಅದೃಷ್ಟ. ಕೀ ಇಲ್ಲದಿದ್ದರೂ ಗುಂಡಿಯಿಂದಲೇ ಕೊಕ್ಕೆಯನ್ನು ಸಮ ಮಾಡಿ ಹೊರಗೆಳೆಯಬಹುದು. ಎರಡೂ ಬದಿ ಕೀ ಬಾಯಿಯೇ ಇದ್ದು, ಒಂದೂ ಕೀ ಇಲ್ಲ ಅಂದರೆ ಬಾಗಿಲು ತೆರೆದಿದ್ದರೂ ಸಿಲಿಂಡರ್ ಬಾರದು. ಲಾಕನ್ನೇ ಮರದಿಂದ ಎಳೆಯೋಣ ಅಂದರೆ ಸಿಲಿಂಡರ್ ಅಡ್ಡಗೋಲಿನಂತೆ ಅದರ ನಡುವೆ ತೂರಿರುತ್ತದೆ. ಇಲ್ಲಿ ಸುತ್ತಿಗೆ ಹಿಡಿಯಬೇಡಿ, ಬೀಗದ ಕೆಲಸ ಬಲ್ಲವನನ್ನು ಕರೆಸಿ. ಅವನು ಸಿಲಿಂಡರನ್ನಷ್ಟೇ ಬಲಿ ಕೊಟ್ಟು ಉಳಿದದ್ದನ್ನು ಕಾಪಾಡುತ್ತಾನೆ.

ರಿಮ್ ಲಾಕಿನ ಎಲ್ಲ ತಿರುಪುಗಳೂ ಒಳಗಡೆಯೇ ಇರುತ್ತವೆ. ಬಾಗಿಲು ತೆರೆದಿದ್ದರೆ ಬಿಚ್ಚುವುದು ಸುಲಭ. ಹೊಸದನ್ನು ಕೂರಿಸುವಾಗ ಹಳೇ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿ ಅಥವಾ ಮರದ ಚಕ್ಕೆಗೆ ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮೇಲೆ ತಿರುಪು ಹಾಕಿ.

ಅಂಗಡಿಗೆ ಬರುವಾಗ ಏನು ಅಳತೆ ತರಬೇಕು?

ಹಳೇ ಸಿಲಿಂಡರನ್ನೇ ತನ್ನಿ. ಅದು ಎಲ್ಲಕ್ಕಿಂತ ಉತ್ತಮ. ಆಗದಿದ್ದರೆ ಅಂಚಿನ ಆ ಉದ್ದ ತಿರುಪಿನ ನಡುಮಧ್ಯದಿಂದ ಹೊರಬದಿಯ ತುದಿಗೆ ಎಷ್ಟು, ಒಳಬದಿಯ ತುದಿಗೆ ಎಷ್ಟು ಅಂತ ಬೇರೆ ಬೇರೆ ಅಳೆಯಿರಿ. 30 ಮತ್ತು 30 ಬಂದರೆ 60 ಮಿಲಿಮೀಟರಿನದು, 35 ಮತ್ತು 35 ಬಂದರೆ 70ರದು. ಎರಡು ಬದಿ ಒಂದೇ ಇರಬೇಕೆಂದಿಲ್ಲ, ಒಟ್ಟು ಅಳತೆ ಮಾತ್ರ ಬರೆದುಕೊಂಡು ಬಂದು ತಿರುಗಿ ಹೋದವರು ಬೇಕಾದಷ್ಟಿದ್ದಾರೆ. ಹಳೇ ಸಾಗುವಾನಿ ಬಾಗಿಲಿನ ದಪ್ಪ ಈಗಿನ ಫ್ಲಶ್ ಡೋರಿಗಿಂತ ಹೆಚ್ಚು ಎನ್ನುವುದು ನೆನಪಿರಲಿ. ಸಿಲಿಂಡರಿನ ತುದಿ ಹ್ಯಾಂಡಲಿನ ತಗಡಿನಿಂದ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಇಣುಕಬಾರದು. ಹೊರಗೆ ಚಾಚಿದ ಸಿಲಿಂಡರ್ ಕಳ್ಳನಿಗೆ ಕೊಟ್ಟ ಹಿಡಿ.

ಪೂರ್ತಿ ಲಾಕ್ ಬದಲಿಸುವುದಾದರೆ ಇನ್ನೆರಡು ಅಳತೆ ಬೇಕು: ಬಾಗಿಲ ಅಂಚಿನಿಂದ ಕೀ ಬಾಯಿಯ ನಡುವಿಗೆ ಇರುವ ದೂರ, ಹ್ಯಾಂಡಲಿನ ನಡುವಿನಿಂದ ಕೀ ಬಾಯಿಯ ನಡುವಿಗೆ ಇರುವ ದೂರ. ಇವೆರಡೂ ಹೊಂದಿದರೆ ಹಳೇ ಗುಂಡಿಯಲ್ಲೇ ಹೊಸದು ಕೂರುತ್ತದೆ.

ಅಜ್ಜನ ಕಾಲದ ಬಾಗಿಲು. ಮಾರ್ಟೈಸ್ ಲಾಕ್ ಹಾಕಿಸಬಹುದಾ?

ಹಾಕಿಸಬಹುದು, ಹಾಕಿಸಬೇಕಾ ಅನ್ನುವುದು ಬೇರೆ. ಹಳೇ ತೊಟ್ಟಿಮನೆಗಳ ಬಾಗಿಲು ಜೋಡಿ ಕದದ್ದು. ಒಳಗಿನಿಂದ ಮರದ ಅಗುಳಿ, ಹೊರಗಿನಿಂದ ಕೊಂಡಿ. ಅದಕ್ಕೆ ಮಾರ್ಟೈಸ್ ಕೂರಿಸಲು ಆಚಾರಿ ಅಂಚಿನೊಳಗೆ ಉದ್ದನೆಯ ಗುಂಡಿ ಕೊರೆಯುತ್ತಾನೆ. ಬಾಗಿಲ ನಡುಪಟ್ಟಿ ಬಂದು ಕೂಡುವ ಜಾಗದಲ್ಲೇ ಕೊರೆದರೆ ಒಳಗೆ ಕೂತಿರುವ ಕೂಡು ಕಡಿದುಹೋಗುತ್ತದೆ. ನೂರು ವರ್ಷ ಅಲುಗದ ಕದ ಮೂರು ಮಳೆಗಾಲಕ್ಕೆ ಜೋತುಬೀಳುತ್ತದೆ. ಕೈಮುಗಿದು ಹೇಳುತ್ತೇನೆ, ಅಂಥ ಬಾಗಿಲಿಗೆ ಒಳಮುಖದ ಮೇಲೆ ಕೂರುವ ರಿಮ್ ಲಾಕ್ ಹಾಕಿ ಅಥವಾ ಗಟ್ಟಿ ಕೊಂಡಿಗೆ ಒಳ್ಳೆಯ ಬೀಗ ಹಾಕಿ. ಒಂದು ತೂತು, ನಾಲ್ಕು ತಿರುಪು, ಅಷ್ಟೇ ಗಾಯ.

ತಿರುಪು ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ. ಒಗರು ಹೆಚ್ಚಿರುವ ಮರಕ್ಕೆ ಕಬ್ಬಿಣದ ತಿರುಪು ಬಿದ್ದು ತೇವ ಸೇರಿದರೆ ಸುತ್ತ ಮಸಿಯಂಥ ಕಲೆ ಹರಡುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಬೈರಿಗೆಯಲ್ಲಿ ಮೊದಲೇ ಸಣ್ಣ ತೂತು ಹೊಡೆದು, ತಿರುಪಿಗೆ ಬಟ್ಟೆ ಸೋಪು ಸವರಿ ಹಾಕಿದರೆ ಗಟ್ಟಿ ಮರದಲ್ಲೂ ತಲೆ ಮುರಿಯದೆ ಇಳಿಯುತ್ತದೆ. ನಮ್ಮ ಆಚಾರ್ರಿಗೆ ಇದು ಗೊತ್ತು. ಬ್ಯಾಟರಿ ಡ್ರಿಲ್ ಹಿಡಿದು ಬರುವ ಹುಡುಗರಿಗೆ ಹೇಳಬೇಕು.

ತೂಗುಬೀಗದ ಕೀ ಕಳೆದಿದೆ. ಕಲ್ಲಲ್ಲಿ ಜಜ್ಜಿದರೂ ಬರುತ್ತಿಲ್ಲ.

ಜಜ್ಜಬೇಡಿ. ಬೀಗದ ಒಳಗೆ ಇನ್ನಷ್ಟು ಬಿಗಿಯುತ್ತದೆ, ಏಟು ತಪ್ಪಿದ್ದೆಲ್ಲ ಕದಕ್ಕೆ ಬೀಳುತ್ತದೆ. ಸಾದಾ ಬೀಗದ ಕಮಾನನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬಹುದು. ಗಟ್ಟಿ ಮಾಡಿದ ಉಕ್ಕಿನ ಕಮಾನಾದರೆ ಬ್ಲೇಡಿನ ಹಲ್ಲೇ ಸವೆಯುತ್ತದೆ, ಕಮಾನಿನ ಮೇಲೆ ಗೆರೆಯೂ ಬೀಳುವುದಿಲ್ಲ. ಆಗ ಬೀಗ ಬಿಟ್ಟು ಕೊಂಡಿಯನ್ನು ಕೊಯ್ಯಿರಿ. ಕೊಂಡಿ ಸಾಮಾನ್ಯವಾಗಿ ಮೆತ್ತನೆ ಕಬ್ಬಿಣ, ಹೊಸದಕ್ಕೆ ಬೆಲೆಯೂ ಕಡಿಮೆ. ಗ್ರೈಂಡರ್ ಬಳಸುವುದಾದರೆ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಡಿಕೆ ಮನೆ, ಹುಲ್ಲಿನ ಅಟ್ಟದ ಹತ್ತಿರ ಗ್ರೈಂಡರ್ ಬೇಡವೇ ಬೇಡ, ಕಿಡಿ ಎಲ್ಲಿ ಹೋಗಿ ಕೂತಿತೋ ಯಾರಿಗೆ ಗೊತ್ತು.

ಹೊಸ ಬೀಗಕ್ಕೆ ಕಂಪನಿ ಯಾವುದು ಅಂತ ಕೇಳುತ್ತಾರೆ. ಅಲೀಗಢದ್ದೂ ಇದೆ, 2019ರಲ್ಲಿ ಭೌಗೋಳಿಕ ಗುರುತು ಪಡೆದ ದಿಂಡಿಗಲ್ ಬೀಗವೂ ಇದೆ, 1897ರಲ್ಲಿ ಬೀಗದಿಂದಲೇ ವ್ಯಾಪಾರ ಶುರು ಮಾಡಿದ ಗೋದ್ರೆಜ್ ಇದ್ದೇ ಇದೆ. ನಾನು ನೋಡುವುದು ಕಂಪನಿಗಿಂತ ಕಮಾನಿನ ದಪ್ಪವನ್ನು, ಜೊತೆಗೆ ಕೊಂಡಿಯ ತಿರುಪು ಮುಚ್ಚಿದ ಸ್ಥಿತಿಯಲ್ಲಿ ಹೊರಗೆ ಕಾಣುತ್ತದೆಯಾ ಎನ್ನುವುದನ್ನು. ಕಂಡರೆ ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ, ತಿರುಪು ಬಿಚ್ಚುತ್ತಾನೆ.

ರಸ್ತೆ ಬದಿ ಕೀ ಮಾಡುವವರನ್ನು ಮನೆಗೆ ಕರೆಸಬಹುದಾ?

ಕರೆಸಬಹುದು. ಅವರಲ್ಲಿ ಎಷ್ಟೋ ಜನರ ಕೈಚಳಕ ನೋಡಿದರೆ ಬೆರಗಾಗಬೇಕು, ಬರೀ ಅರದಲ್ಲಿ ಕೀ ಹುಟ್ಟಿಸುತ್ತಾರೆ. ಒಳ್ಳೆಯವನ ಗುರುತು ಒಂದೇ: ಈ ಮನೆ ನಿಮ್ಮದೇ ಅಂತ ಅವನೇ ಕೇಳಬೇಕು. ಗುರುತಿನ ಚೀಟಿ ತೋರಿಸಿ ಅಂದಾಗ ಸಿಟ್ಟು ಮಾಡಿಕೊಳ್ಳಬೇಡಿ. ಏನೂ ಕೇಳದೆ ಬೀಗ ತೆರೆಯುವವನು ನಾಳೆ ಇನ್ನೊಬ್ಬರಿಗೂ ಏನೂ ಕೇಳದೆ ತೆರೆಯುತ್ತಾನೆ. ಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿಕೊಳ್ಳಿ, ಕೂಲಿ ಮೊದಲೇ ಮಾತಾಡಿಕೊಳ್ಳಿ, ಕೆಲಸ ಮುಗಿಯುವವರೆಗೆ ಅಲ್ಲೇ ಇರಿ.

ಕೀ ಫೋಟೋ ತೆಗೆದು ವಾಟ್ಸಾಪಿನಲ್ಲಿ ‘ಇದರ ನಕಲು ಮಾಡಿಡಿ’ ಅಂತ ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ಫೋಟೋ ನೋಡಿ ಕೀ ಕೊರೆಯಬಹುದು. ಹಾಗೆಯೇ ಮೈಮೇಲೆ ಚುಕ್ಕಿ ಗುಂಡಿಗಳಿರುವ ಕೀ ಅರಕ್ಕೆ ಬಗ್ಗುವುದಿಲ್ಲ, ಅದಕ್ಕೆ ಬೇರೆ ಯಂತ್ರ ಬೇಕು. ಕೊಳ್ಳುವಾಗಲೇ ಎಷ್ಟು ಕೀ ಕೊಟ್ಟಿದ್ದಾರೆ ಎಣಿಸಿ.

ಕೀ ಇದೆ, ಆದರೂ ಮಳೆಗಾಲದಲ್ಲಿ ಬೀಗ ಬೀಳುವುದಿಲ್ಲ. ಬದಲಿಸಬೇಕಾ?

ಆಗುಂಬೆ, ಹುಲಿಕಲ್ ಇರುವ ಜಿಲ್ಲೆ ನಮ್ಮದು. ಇಲ್ಲಿ ಜೂನ್ ಬಂದರೆ ಮರ ಉಬ್ಬುತ್ತದೆ. ಅಡ್ಡಡ್ಡಕ್ಕೆ ಉಬ್ಬುವುದೇ ಹೆಚ್ಚು, ಉದ್ದಕ್ಕೆ ಹೆಚ್ಚೇನೂ ಇಲ್ಲ. ಕದ ದಾರಂದಕ್ಕೆ ತಾಗಿ, ನಾಲಿಗೆಗೂ ಎದುರಿನ ತಗಡಿನ ತೂತಿಗೂ ಒಂದೆರಡು ಮಿಲಿಮೀಟರ್ ತಪ್ಪಿಹೋಗುತ್ತದೆ. ಪರೀಕ್ಷೆ ಸುಲಭ: ಬಾಗಿಲು ತೆರೆದಿಟ್ಟು ಕೀ ತಿರುಗಿಸಿ. ಸಲೀಸಾಗಿ ತಿರುಗಿದರೆ ಬೀಗ ಸರಿ ಇದೆ, ತಪ್ಪು ಬಾಗಿಲದು. ಎದುರಿನ ತಗಡಿನ ತೂತನ್ನು ಅರದಿಂದ ಸ್ವಲ್ಪ ಉಜ್ಜಿ ಅಗಲ ಮಾಡಿ. ಕದಕ್ಕೆ ಹತ್ತರಿ ಹೊಡೆಸಲು ಮಳೆಯಲ್ಲೇ ಅವಸರ ಪಡಬೇಡಿ. ಆಗ ಹೆರೆದದ್ದು ಮಾರ್ಚಿಗೆ ಒಣಗಿ ಬೆರಳು ತೂರುವಷ್ಟು ಸಂದಿಯಾಗುತ್ತದೆ.

ಕೀ ಬಾಯಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಇಡೀ ಮಲೆನಾಡಿಗಿದೆ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಧೂಳು ಸೇರಿ ಒಳಗೆ ಅಂಟಾಗುತ್ತದೆ. ಪೆನ್ಸಿಲಿನ ಸೀಸವನ್ನು ನುಣ್ಣಗೆ ಪುಡಿ ಮಾಡಿ ಕೀಗೆ ಸವರಿ ನಾಲ್ಕು ಸಲ ಹಾಕಿ ತೆಗೆಯಿರಿ. ಅಂಗಡಿಯಲ್ಲಿ ಗ್ರಾಫೈಟ್ ಪುಡಿ ಅಂತಲೇ ಸಿಗುತ್ತದೆ, ಪೆನ್ಸಿಲಿನ ಸೀಸವೂ ಜೇಡಿ ಬೆರೆಸಿದ ಗ್ರಾಫೈಟೇ.

ಬಾಡಿಗೆ ಮನೆ. ಮಾಲೀಕರಿಗೆ ಹೇಳದೆ ಬದಲಿಸಬಹುದಾ?

ಹೇಳಿಯೇ ಬದಲಿಸಿ. ಹಳೇ ಸಿಲಿಂಡರನ್ನು ಕಾಗದದಲ್ಲಿ ಸುತ್ತಿ ಜೋಪಾನ ಮಾಡಿ, ಮನೆ ಬಿಡುವಾಗ ಮತ್ತೆ ಹಾಕಿಕೊಟ್ಟರೆ ಅಡ್ವಾನ್ಸ್ ಹಣದ ಜಗಳ ಒಂದು ಕಡಿಮೆ. ಬಾಡಿಗೆ ಬಾಕಿ ಅಂತ ಮಾಲೀಕರು ತಾವೇ ಬೀಗ ಬದಲಿಸಿ ಬಾಡಿಗೆದಾರರನ್ನು ಹೊರಗೆ ನಿಲ್ಲಿಸುವುದೂ ಸರಿಯಲ್ಲ. ಅದಕ್ಕೆ ಕೋರ್ಟಿನ ದಾರಿ ಇದೆ. ಅಂಥ ಕೆಲಸಕ್ಕೆ ಬೀಗ ಕೇಳಿದವರಿಗೆ ನಾನು ಸ್ಟಾಕ್ ಇಲ್ಲ ಅಂದಿದ್ದೇನೆ.

ಪೊಲೀಸರಿಗೆ ತಿಳಿಸಬೇಕಾ?

ಬರೀ ಕೀ ಕಳೆದರೆ ಕಡ್ಡಾಯವಲ್ಲ. ಬ್ಯಾಗು, ದಾಖಲೆ ಜೊತೆಗೆ ಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಆನ್‌ಲೈನಿನಲ್ಲೇ ದಾಖಲಿಸಿ. ಕದ್ದದ್ದು ಅಂತ ಗೊತ್ತಿದ್ದರೆ ಠಾಣೆಗೆ ಹೋಗಿ. ಮನೆಗೆ ಕಳ್ಳತನದ ವಿಮೆ ಮಾಡಿಸಿದವರು ಪಾಲಿಸಿ ಒಮ್ಮೆ ಓದಿಕೊಳ್ಳಿ. ಒಳನುಗ್ಗಿದ ಬಲವಂತದ ಕುರುಹು ಕೇಳುವುದು ಸಾಮಾನ್ಯ. ಕಳೆದ ಕೀಯಿಂದ ಸದ್ದಿಲ್ಲದೆ ಬಾಗಿಲು ತೆರೆದು ಹೋದವನು ಅಂಥ ಕುರುಹು ಬಿಡುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು ಅಂದರೆ ಬೀಗ ಬದಲಿಸಿದ ಬಿಲ್ಲನ್ನೂ ಇಟ್ಟುಕೊಳ್ಳಿ.

ಗೊಂಚಲಲ್ಲಿ ಬ್ಯಾಂಕ್ ಲಾಕರಿನ ಕೀಯೂ ಇತ್ತು!

ಅದನ್ನು ಮೊದಲು ಹೇಳಬೇಕಿತ್ತು. ತಕ್ಷಣ ಬ್ಯಾಂಕಿಗೆ ತಿಳಿಸಿ. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಲಾಕರ್ ತೆರೆಸುವ, ಬೀಗ ಬದಲಿಸುವ ಖರ್ಚನ್ನು ಬ್ಯಾಂಕು ನಿಮ್ಮಿಂದ ವಸೂಲು ಮಾಡಬಹುದು. ತೆರೆಯುವುದು ನಿಮ್ಮ ಎದುರಿನಲ್ಲೇ. ಕಳೆದ ಕೀ ಮುಂದೆ ಸಿಕ್ಕಿದರೆ ಬ್ಯಾಂಕಿಗೆ ಒಪ್ಪಿಸುತ್ತೇನೆ ಅಂತ ಬರೆದುಕೊಡಬೇಕು. ಲಾಕರ್ ಕೀಯನ್ನು ಮನೆಯ ಗೊಂಚಲಿಗೆ ಸಿಕ್ಕಿಸಿಕೊಂಡು ಸಂತೆಗೆ ಹೋಗುವುದು ಇನ್ನಾದರೂ ಬಿಡಿ.

ಮಗು ಒಳಗಿನಿಂದ ಲಾಕ್ ಮಾಡಿಕೊಂಡಿದೆ, ಕೀ ಇಲ್ಲ.

ಇದೊಂದರಲ್ಲಿ ಬಾಗಿಲ ಮೇಲಿನ ನನ್ನ ಪ್ರೀತಿಯೆಲ್ಲ ಪಕ್ಕಕ್ಕಿಡಿ. ಒಳಗೆ ಒಲೆ ಉರಿಯುತ್ತಿದೆ, ಮಗು ಬಚ್ಚಲ ನೀರಿನ ಹತ್ತಿರ ಇದೆ ಅಂದರೆ ಬಾಗಿಲು ಒಡೆಯಿರಿ. ಒಬ್ಬರು ಕಿಟಕಿಯಿಂದ ಮಗುವಿನ ಜೊತೆ ಮಾತಾಡುತ್ತಿರಲಿ, ಇನ್ನೊಬ್ಬರು 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಲಿ. ಅಪಾಯ ಇಲ್ಲದಿದ್ದರೆ ಹಿಡಿಯ ಹೊರಬದಿ ನೋಡಿ. ಬಚ್ಚಲ ಲಾಕುಗಳಲ್ಲಿ ನಡುವೆ ಒಂದು ಪುಟ್ಟ ತೂತೋ ನಾಣ್ಯದ ಗೀಟೋ ಇರುತ್ತದೆ, ಇಂಥ ಹೊತ್ತಿಗೆಂದೇ ಇಟ್ಟದ್ದು.

ಈ ಕೀ ರಗಳೆಯೇ ಬೇಡ, ಬೆರಳಚ್ಚಿನ ಲಾಕ್ ಹಾಕಿಸಿಬಿಡೋಣವೇ?

ಪೇಟೆಯಲ್ಲಿ, ಫ್ಲ್ಯಾಟಿನಲ್ಲಿ ಆದೀತು. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟ್ ಹೋದರೆ ತೊಂದರೆ ಇಲ್ಲ. ಬ್ಯಾಟರಿಯೇ ಸತ್ತರೆ ಹೊರಗಿನಿಂದ ಪವರ್ ಕೊಡುವ ಬಾಯಿ ಅಥವಾ ಸಾದಾ ಕೀ ಇರುವ ಮಾದರಿಯನ್ನೇ ಆರಿಸಿ. ಫೋನಿನಿಂದ ತೆರೆಯುವ ಸೌಲಭ್ಯವನ್ನು ನಂಬಿ ಹಳ್ಳಿ ಮನೆಗೆ ಹಾಕಿಸಬೇಡಿ, ಗಾಳಿಮಳೆಗೆ ನೆಟ್‌ವರ್ಕ್ ಎಷ್ಟು ದಿನ ನಾಪತ್ತೆಯಾಗುತ್ತದೆ ಅಂತ ನಿಮಗೇ ಗೊತ್ತು.

ಇನ್ನೊಂದು ಸಂಗತಿ ಬೆಂಗಳೂರಿನ ಸೇಲ್ಸ್‌ಮನ್ ಹೇಳುವುದಿಲ್ಲ. ಅಡಿಕೆ ಸುಲಿದು ಸುಲಿದು ಬೆರಳ ತುದಿ ಸವೆದವರ ಗುರುತನ್ನು ಈ ಯಂತ್ರಗಳು ಸುಲಭಕ್ಕೆ ಹಿಡಿಯುವುದಿಲ್ಲ. ಒಂದು ಮನೆಯಲ್ಲಿ ಮಗ ಹಾಕಿಸಿದ ಲಾಕಿಗೆ ಮೊಮ್ಮಗಳ ಬೆರಳು ಆಗುತ್ತಿತ್ತು, ಮನೆ ನಡೆಸುವ ಅಜ್ಜಿಯ ಬೆರಳು ಆಗುತ್ತಿರಲಿಲ್ಲ. ಅಜ್ಜಿ ಹಿತ್ತಲ ಬಾಗಿಲಲ್ಲೇ ಓಡಾಡುತ್ತಿದ್ದರು.

ಸ್ಪೇರ್ ಕೀ ಎಲ್ಲಿಡುವುದು?

ಮೀಟರ್ ಬೋರ್ಡಿನ ಮೇಲಲ್ಲ. ಚಪ್ಪಲಿ ಗೂಡಿನಲ್ಲಲ್ಲ. ತುಳಸಿ ಕಟ್ಟೆಯ ಹಿಂದೆ, ಕಿಟಕಿಯ ದಂಡೆ, ಹೂಕುಂಡದ ಕೆಳಗೆ, ಇವೆಲ್ಲ ನಿಮಗೆ ಹೊಳೆದಂತೆ ಕಳ್ಳನಿಗೂ ಹೊಳೆಯುತ್ತವೆ. ನಂಬುವ ನೆರೆಯವರಿಗೋ ಊರಲ್ಲೇ ಇರುವ ಅಕ್ಕನ ಮನೆಗೋ ಒಂದು ಕೊಡಿ, ಕೀಗೆ ವಿಳಾಸದ ಚೀಟಿ ಕಟ್ಟಬೇಡಿ. ಒಂಟಿಮನೆಯವರಿಗೆ ನೆರೆ ಅಂದರೆ ಗುಡ್ಡದ ಆಚೆ. ಆದರೂ ಅಲ್ಲೇ ಕೊಡಿ, ಒಂದು ಮೈಲಿ ನಡೆಯುವುದು ರಾತ್ರಿಯೆಲ್ಲ ಜಗಲಿಯಲ್ಲಿ ಕೂರುವುದಕ್ಕಿಂತ ವಾಸಿ.

ತೋಟದ ಬೇಲಿಗೆ ಸಿಗಂದೂರು ಚೌಡೇಶ್ವರಿಯ ‘ಶ್ರೀದೇವಿಯ ಕಾವಲಿದೆ’ ಬೋರ್ಡು ಹಾಕಿದವರೊಬ್ಬರು ಅಡಿಕೆ ಕೋಣೆಗೆ ಬೀಗ ಬೇಕಾ ಅಂತ ಕೇಳಿದ್ದರು. ದೇವಿಯ ಮೇಲೆ ನನಗೂ ಭಕ್ತಿ ಇದೆ. ಆದರೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮೂಟೆ ಪೇರಿಸಿಟ್ಟ ಕೋಣೆಗೆ ಬೀಗವೂ ಇರಲಿ ಅಂದೆ. ಎರಡು ಕೊಂಡುಹೋದರು.

ಹೊಸ ಬೀಗ ಹಾಕಿಸಿ ಮೂರೇ ದಿನಕ್ಕೆ ಹಳೇ ಕೀ ಸಿಕ್ಕಿತು. ಈಗ ಏನು ಮಾಡಲಿ?

ಪ್ರತಿ ವರ್ಷ ಕೇಳುವ ಪ್ರಶ್ನೆ. ಹೊಸದನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಅನ್ನುವುದು ಅದರ ಹಿಂದಿನ ನಿಜವಾದ ಪ್ರಶ್ನೆ. ಇಲ್ಲ. ಮೂರು ದಿನ ಆ ಕೀ ಎಲ್ಲಿತ್ತು ಅಂತ ಖಚಿತವಾಗಿ ಗೊತ್ತಿದ್ದರೆ, ಅಂದರೆ ಸೋಫಾ ಸಂದಿಯಲ್ಲೋ ರೇನ್‌ಕೋಟಿನ ಹರಿದ ಒಳಜೇಬಿನಲ್ಲೋ ಇತ್ತು ಅಂದರೆ, ಹಳೇ ಸಿಲಿಂಡರಿನ ಜೊತೆ ಅದನ್ನು ಕಟ್ಟಿಡಿ. ಅಳತೆ ಹೊಂದುವ ಬೇರೆ ಬಾಗಿಲಿಗೆ ಹಾಕಬಹುದು. ಯಾರೋ ತಂದುಕೊಟ್ಟರು ಅಂದರೆ ಅವರಿಗೊಂದು ಕಾಫಿ ಕೊಡಿ, ಹಳೇ ಸಿಲಿಂಡರನ್ನು ಗುಜರಿಗೆ ಹಾಕಿ.